ಮೂರಕ್ಷರದ ತಲೆಪಟ್ಟಿ

ಪತ್ರಿಕೆಯೊಂದನ್ನು ಕೈಗೆತ್ತಿಕೊಂಡಾಗ ನಮ್ಮ ಕಣ್ಣು ಮೊದಲು ಹೋಗುವುದು ಸುದ್ದಿಯ ಕಡೆಗಲ್ಲ, ಚಿತ್ರದ ಕಡೆಗೂ ಅಲ್ಲ. ಅದರ ನೆತ್ತಿಯ ಮೇಲೆ ಅಡ್ಡಲಾಗಿ ಹರಡಿಕೊಂಡಿರುವ ಹೆಸರಿನ ಕಡೆಗೆ. ಆದರೆ ದಿನವೂ ನೋಡುವುದರಿಂದಲೇ ಅದನ್ನು ನೋಡಿದೆವೆಂಬ ಎಚ್ಚರ ನಮಗಿರುವುದಿಲ್ಲ. ಮನೆಯೊಳಕ್ಕೆ ಹೋಗುವವನು ಹೊಸ್ತಿಲನ್ನು ನೆನೆಯುತ್ತಾನೆಯೆ? ಎಡವಿದಾಗ ನೆನೆಯುತ್ತಾನೆ. ಹಾಗೆಯೇ ಹೆಸರಿನ ಒಂದು ಕೊಂಬು ಮೊಟಕಾಗಿ, ಒಂದು ಒತ್ತಕ್ಷರ ತನ್ನ ಜಾಗ ತಪ್ಪಿ ಕುಳಿತ ದಿನ, ‘ಇದೇನೋ ಸರಿಯಿಲ್ಲ’ ಎಂದು ಕಣ್ಣು ತಟ್ಟನೆ ದೂರು ಹೇಳುತ್ತದೆ. ಪತ್ರಿಕೆಯ ಹೆಸರನ್ನು ಹೊತ್ತ ಆ ಅಡ್ಡಪಟ್ಟಿಗೆ, ಸಮಾರಂಭಗಳಲ್ಲಿ ವೇದಿಕೆಯ ಹಿಂದೆ ಕಟ್ಟುವ ಬಟ್ಟೆಗೆ, ಗಣಕಯಂತ್ರದ ಪರದೆಯ ಮೇಲ್ತುದಿಯಲ್ಲಿ ಕಾಣುವ ಉದ್ದನೆಯ ಚಿತ್ರಕ್ಕೆ, ಎಲ್ಲಕ್ಕೂ ಜನ ಇಂದು ಬ್ಯಾನರ್ ಎಂದೇ ಹೇಳುತ್ತಾರೆ. ನಾನು ಈ ಲೇಖನದಲ್ಲಿ ಅದನ್ನು ತಲೆಪಟ್ಟಿ ಎನ್ನುತ್ತೇನೆ.

ತಲೆಪಟ್ಟಿಯೆಂದರೆ ಬರಿಯ ಅಲಂಕಾರವೆಂದು ತಿಳಿದವರುಂಟು. ನನಗೆ ಹಾಗೆ ತೋರುವುದಿಲ್ಲ. ಒಂದು ಶಾಲೆ, ಒಂದು ಸಂಘ, ಒಂದು ಪತ್ರಿಕೆ ತನ್ನ ಹೆಸರನ್ನು ತಾನೇ ಬರೆದುಕೊಳ್ಳಬಲ್ಲುದೆ, ಅಥವಾ ಇನ್ನಾರೋ ಬರೆದುಕೊಟ್ಟುದನ್ನು, ಅದರಲ್ಲಿ ತಪ್ಪಿದ್ದರೂ, ತಲೆಯ ಮೇಲೆ ಕಟ್ಟಿಕೊಳ್ಳಬೇಕೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಕಳೆದ ಬೇಸಿಗೆಯಲ್ಲಿ ನನ್ನ ವಿದ್ಯಾರ್ಥಿಗಳೊಡನೆ ಅಂಥ ಒಂದು ಪಟ್ಟಿಯನ್ನು, ಒಂದು ಕಾಸೂ ಕೊಡಬೇಕಾಗಿಲ್ಲದ ತಂತ್ರಾಂಶದಿಂದ, ತಯಾರಿಸಿದ ಅನುಭವ ಈ ಪ್ರಶ್ನೆಯನ್ನು ನನ್ನ ಮುಂದೆ ಹೊಸದಾಗಿ ತಂದಿರಿಸಿತು. ಶಾಲೆಗಳಲ್ಲಿ ಪತ್ರಿಕೆ ನಡೆಸುವ ಅಧ್ಯಾಪಕಮಿತ್ರರಿಗೂ, ಅವುಗಳಲ್ಲಿ ಬರೆಯುವ ವಿದ್ಯಾರ್ಥಿಗಳಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ನಿರೂಪಿಸುತ್ತೇನೆ.

ಕಲ್ಲಿನಿಂದ ಪ್ಲಾಸ್ಟಿಕ್ಕಿಗೆ

ಕನ್ನಡದ ಮೊದಲ ವೃತ್ತಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಿದ್ದಿತೆಂಬುದೂ, ಅದರ ಸಂಪಾದಕರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಎಂಬುದೂ ನಮ್ಮ ವಿದ್ಯಾರ್ಥಿಗಳಿಗೆ ಗೊತ್ತು. ಆದರೆ ಅದು ಅಚ್ಚಾದುದು ಮೊಳೆಗಳಿಂದಲ್ಲ, ಕಲ್ಲಚ್ಚಿನಿಂದ ಎಂಬ ಸಂಗತಿಯ ಅರ್ಥವನ್ನು ನಾವು ನಿಂತು ಯೋಚಿಸುವುದು ಕಡಮೆ. ಕಲ್ಲಚ್ಚು ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ 1796ರ ಸುಮಾರಿಗೆ ಕಂಡುಹಿಡಿದ ಉಪಾಯ. ಜಿಡ್ಡೂ ನೀರೂ ಒಂದಕ್ಕೊಂದು ಸೇರುವುದಿಲ್ಲವೆಂಬುದೇ ಅದರ ಮರ್ಮ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಅಕ್ಷರಗಳನ್ನು ಮೂಡಿಸಿ, ಕಲ್ಲನ್ನು ಒದ್ದೆಮಾಡಿ, ಅದರ ಮೇಲೆ ಮಸಿಯ ಉರುಳೆಯನ್ನು ಹಾಯಿಸಿದರೆ ಅಕ್ಷರವಿದ್ದ ಕಡೆ ಮಾತ್ರ ಮಸಿ ಹಿಡಿಯುತ್ತದೆ. ಅಂದಮೇಲೆ ಕನ್ನಡದ ಮೊದಲ ಪತ್ರಿಕೆಯ ಅಕ್ಷರಗಳು ಮನುಷ್ಯನೊಬ್ಬನ ಕೈಯಿಂದ ಇಳಿದುವು. ಯಂತ್ರ ಆ ಕೈಯನ್ನು ಹಲವಾಗಿಸಿತು, ಅಳಿಸಲಿಲ್ಲ.

ಮುಂದೆ ಮೊಳೆಯಚ್ಚು ಎಲ್ಲೆಡೆ ಬಂದರೂ ದೊಡ್ಡ ಅಕ್ಷರದ ಕೆಲಸ ಬಹುಕಾಲ ಕೈಯಲ್ಲೇ ಉಳಿಯಿತು. ಅಂಗಡಿಯ ಬೋರ್ಡು, ಬಸ್ಸಿನ ಹಣೆಬರಹ, ನಾಟಕದ ಪರದೆ, ಚುನಾವಣೆಯ ಗೋಡೆ ಇವೆಲ್ಲ ಊರೂರಿನ ಪೇಂಟರುಗಳ ಕುಂಚದಿಂದ ಮೂಡುತ್ತಿದ್ದುವು. ಆಯಾ ಊರಿನ ಅಕ್ಷರಕ್ಕೆ ಆಯಾ ಊರಿನ ಕೈಯ ಗುರುತಿರುತ್ತಿತ್ತು. ಆಮೇಲೆ ಗಣಕಯಂತ್ರದಿಂದ ನೇರವಾಗಿ ಅಚ್ಚಾಗಿ ಬರುವ ಫ್ಲೆಕ್ಸು ಬಂದಿತು. ಬೆಳಗ್ಗೆ ಹೇಳಿದರೆ ಸಂಜೆಗೆ ಸಿದ್ಧ. ಕರ್ನಾಟಕ ಸರ್ಕಾರ 2016ರ ಮಾರ್ಚಿಯಲ್ಲಿ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದಾಗ ಫ್ಲೆಕ್ಸೂ ಆ ಪಟ್ಟಿಯಲ್ಲಿ ಸೇರಿತು. 2018ರಲ್ಲಿ ಬೆಂಗಳೂರಿನ ಬೀದಿಗಳಿಂದ ಅವನ್ನು ತೆಗೆಸಲು ಹೈಕೋರ್ಟೇ ಬಿಗಿಯಾಗಿ ಹೇಳಬೇಕಾಯಿತು. ಆದರೆ ಆ ಹೊತ್ತಿಗೆ ಎಷ್ಟೋ ಊರುಗಳಲ್ಲಿ ಕುಂಚಗಳು ಒಣಗಿದ್ದುವು.

ಫ್ಲೆಕ್ಸಿನ ಮೇಲೆ ನನ್ನ ದೂರು ಪ್ಲಾಸ್ಟಿಕ್ಕಿನದು ಮಾತ್ರವಲ್ಲ, ಅಕ್ಷರದ್ದೂ ಹೌದು. ನಮ್ಮ ಶಾಲೆಯಲ್ಲಿ ಮಕ್ಕಳು ‘ಮುತ್ತುಗ’ ಎಂಬ ಕೈಬರಹದ ಗೋಡೆಪತ್ರಿಕೆಯೊಂದನ್ನು ನಡೆಸುತ್ತಾರೆ. ಅದರ ವಾರ್ಷಿಕ ಸಂಚಿಕೆಯ ಸಮಾರಂಭಕ್ಕೆಂದು ಒಮ್ಮೆ ಪೇಟೆಯ ಅಂಗಡಿಯೊಂದರಲ್ಲಿ ಪಟ್ಟಿಯನ್ನು ಮಾಡಿಸಲಾಗಿತ್ತು. ಬಿಚ್ಚಿ ಕಟ್ಟಿದಾಗ ಅದರಲ್ಲಿ ತಕಾರದ ಕೆಳಗೆ ಒತ್ತಿರಲಿಲ್ಲ. ‘ಮುತ್’ ಎಂಬುದು ಒಂದು ಕಡೆ, ‘ತುಗ’ ಎಂಬುದು ಇನ್ನೊಂದು ಕಡೆ, ಜಗಳವಾಡಿದ ಅಣ್ಣತಮ್ಮಂದಿರಂತೆ ಅಕ್ಕಪಕ್ಕದಲ್ಲಿ ನಿಂತಿದ್ದುವು. ಕೇಳಿದರೆ, ‘ಕಂಪ್ಯೂಟರಿನಲ್ಲಿ ಹಾಗೇ ಬರೋದು ಸಾರ್’ ಎಂಬ ಉತ್ತರ. ಒಂದನೆಯ ತರಗತಿಯ ಮಗು ಸ್ಲೇಟಿನ ಮೇಲೆ ಹಾಗೆ ಬರೆದರೆ ನಾವು ತಿದ್ದುತ್ತೇವೆ. ಯಂತ್ರ ಬರೆದರೆ ಅದಕ್ಕೆ ಹಾರ ಹಾಕಿ ದೀಪ ಹಚ್ಚುತ್ತೇವೆ. ಆ ದಿನ ವೇದಿಕೆಯ ಮುಂದೆ ಕುಳಿತಿದ್ದ ಮಕ್ಕಳು ತಮ್ಮ ಪತ್ರಿಕೆಯ ಹೆಸರನ್ನು ನೋಡಿ ತಲೆ ತಗ್ಗಿಸಿದುದು ನನಗಿನ್ನೂ ಮರೆತಿಲ್ಲ.

ಕಣ್ಣಿಗೆ ಮೂರು, ಯಂತ್ರಕ್ಕೆ ಏಳು

ಹೀಗೇಕಾಗುತ್ತದೆಂಬುದನ್ನು ಸ್ವಲ್ಪ ವಿವರಿಸಬೇಕು. ‘ಮುತ್ತುಗ’ ಎಂಬುದು ನಮ್ಮ ಕಣ್ಣಿಗೆ ಮೂರಕ್ಷರ. ಯಂತ್ರದೊಳಗೆ ಅದು ಏಳು ಸಂಕೇತಗಳ ಸಾಲು: ಮಕಾರ, ಕೊಂಬು, ತಕಾರ, ವಿರಾಮಚಿಹ್ನೆಯಾದ ಹಲಂತ, ಮತ್ತೆ ತಕಾರ, ಮತ್ತೆ ಕೊಂಬು, ಗಕಾರ. ಲೋಕದ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಕೊಟ್ಟ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಕನ್ನಡಕ್ಕೂ ಸ್ಥಾನ ದೊರೆಯಿತು. ಆದರೆ ಸಂಖ್ಯೆಗಳನ್ನು ಕೊಟ್ಟ ಮಾತ್ರಕ್ಕೆ ಅಕ್ಷರವಾಗಲಿಲ್ಲ. ತಕಾರ, ಹಲಂತ, ತಕಾರ ಇವು ಒಟ್ಟಿಗೆ ಬಂದಾಗ ಎರಡನೆಯದು ಚಿಕ್ಕದಾಗಿ ಮೊದಲನೆಯದರ ಕಾಲ ಬಳಿ ಇಳಿಯಬೇಕು. ಕೊಂಬು ಮಾತ್ರ ಕೆಳಗಿಳಿಯದೆ ಮೇಲಿನ ತಕಾರದ ಬಲಕ್ಕೇ ಅಂಟಬೇಕು. ಈ ಸಂಸಾರಧರ್ಮವನ್ನು ಬಲ್ಲ ಒಂದು ಭಾಗ ತಂತ್ರಾಂಶದಲ್ಲಿರಬೇಕು. ಅದಿಲ್ಲದ ಅಥವಾ ಅದನ್ನು ಎಚ್ಚರಿಸಿರದ ತಂತ್ರಾಂಶದಲ್ಲಿ ಅಕ್ಷರಗಳು ಪಂಕ್ತಿಯಲ್ಲಿ ಕುಳಿತವರಂತೆ ಸಾಲಾಗಿ ಕುಳಿತುಬಿಡುತ್ತವೆ. ದುಬಾರಿಯಾದ ಹಲವು ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಕನ್ನಡದ ಗತಿ ಇದೇ ಆಗಿತ್ತು. ಅಂಗಡಿಯವರು ಬಹುಕಾಲ ಯೂನಿಕೋಡನ್ನು ಬಿಟ್ಟು ಬೇರೆ ಬೇರೆ ಖಾಸಗಿ ಸಂಕೇತಗಳ ಅಕ್ಷರಮಾಲೆಗಳನ್ನು ಬಳಸಿದುದಕ್ಕೂ ಇದೊಂದು ಕಾರಣ. ಒಂದು ಅಕ್ಷರಮಾಲೆಯಲ್ಲಿ ಬರೆದುದನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಟುಗಳು ಕಾಣುವುದನ್ನು ಲೇಖಕರಾದವರೆಲ್ಲ ಅನುಭವಿಸಿಯೇ ಇರುತ್ತಾರೆ.

ಈ ಸಂಸಾರಧರ್ಮವನ್ನು ಬಲ್ಲ ‘ಹಾರ್ಫ್‌ಬಜ್’ ಎಂಬ ಪುಟ್ಟ ತಂತ್ರಾಂಶವೊಂದಿದೆ. ಅದರ ಹೆಸರು ಪಾರಸಿ ಭಾಷೆಯ ಮಾತುಗಳಿಂದ ಹುಟ್ಟಿದುದು. ‘ತೆರೆದ ಅಕ್ಷರ’ ಎಂದರ್ಥ. ಅದನ್ನು ಯಾರು ಬೇಕಾದರೂ ತಮ್ಮ ತಂತ್ರಾಂಶದಲ್ಲಿ ಸೇರಿಸಿಕೊಳ್ಳಬಹುದು. ಹಣ ಕೊಡದೆ ಪಡೆಯಬಹುದಾದ ಚಿತ್ರಸಂಸ್ಕರಣ ತಂತ್ರಾಂಶವಾದ ‘ಗಿಂಪ್’ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುವುದು ಇದರ ಸಹಾಯದಿಂದಲೇ. ನಮ್ಮ ಶಾಲೆಯ ಹಳೆಯ ಗಣಕಯಂತ್ರದಲ್ಲಿ ಗಿಂಪನ್ನು ತೆರೆದು, ಹುಡುಗಿಯೊಬ್ಬಳು ‘ಮುತ್ತುಗ’ ಎಂದು ಕೀಲಿಗಳನ್ನು ಒತ್ತಿದಾಗ ಎರಡನೆಯ ತಕಾರ ತಾನಾಗಿ ಕೆಳಗಿಳಿದು ಕುಳಿತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅಷ್ಟು ಸಣ್ಣ ಸಂಗತಿಗೆ ಚಪ್ಪಾಳೆಯೆ ಎಂದು ನಗುವವರು ಆ ಫ್ಲೆಕ್ಸನ್ನು ನೋಡಿಲ್ಲ.

ವಿದ್ಯಾರ್ಥಿಗಳು ಕಟ್ಟಿದ ಉಪಕರಣ

ಗಿಂಪಿನ ಹುಟ್ಟು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕಾದ ಕಥೆ. 1995ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ತರುಣರು ಇದನ್ನು ಬರೆಯತೊಡಗಿದರು. 1996ರಲ್ಲಿ ಅದನ್ನು ಲೋಕದ ಮುಂದಿಟ್ಟರು. ಅವರಿದ್ದ ವಿದ್ಯಾರ್ಥಿಕೂಟದ ಹೆಸರಿನ ಮೊದಲಕ್ಷರಗಳೇ ಗಿಂಪಿನ ಮೂಲಕಡತದ ಹೆಸರಾದ ‘ಎಕ್ಸ್‌ಸಿಎಫ್’ ಎಂಬುದರಲ್ಲಿ ಇಂದಿಗೂ ಉಳಿದಿವೆ. ಆ ವರ್ಷವೇ ಲ್ಯಾರಿ ಯೂಯಿಂಗ್ ಎಂಬುವರು ಇದೇ ಉಪಕರಣದಿಂದ ಒಂದು ಪೆಂಗ್ವಿನ್ ಹಕ್ಕಿಯನ್ನು ಬಿಡಿಸಿದರು. ಹೊಟ್ಟೆ ತುಂಬಿ ತೃಪ್ತಿಯಿಂದ ಕುಳಿತ ಆ ಹಕ್ಕಿ ಲಿನಕ್ಸಿನ ಲಾಂಛನವಾಗಿ ಲೋಕವನ್ನೆಲ್ಲ ಸುತ್ತಿತು. ಅದನ್ನು ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು; ಕೇಳಿದವರಿಗೆ ಬಿಡಿಸಿದವನ ಹೆಸರನ್ನೂ ಗಿಂಪಿನ ಹೆಸರನ್ನೂ ಹೇಳಿದರೆ ಸಾಕು, ಎಂಬುದು ಅವರು ಹಾಕಿದ ಒಂದೇ ಷರತ್ತು.

ಮೊದಲ ಇಬ್ಬರು ಓದು ಮುಗಿಸಿ ತಮ್ಮ ತಮ್ಮ ಉದ್ಯೋಗಗಳಿಗೆ ಹೊರಟುಹೋದರು. ಅವರೊಡನೆ ಕೆಲಸ ನಿಲ್ಲಲಿಲ್ಲ. ಅಪರಿಚಿತರಾದ ಎಷ್ಟೋ ಜನ ಅದನ್ನು ಕೈಗೆತ್ತಿಕೊಂಡರು. 2018ರಲ್ಲಿ 2.10ನೆಯ ಆವೃತ್ತಿಯೂ, ಸುಮಾರು ಏಳು ವರ್ಷಗಳ ತರುವಾಯ 2025ರ ಮಾರ್ಚಿಯಲ್ಲಿ 3.0 ಆವೃತ್ತಿಯೂ ಬಂದುವು. ಇಷ್ಟು ನಿಧಾನವೇಕೆಂದರೆ, ಮಾಡುವವರಲ್ಲಿ ಬಹುಮಂದಿ ಬಿಡುವಿನ ವೇಳೆಯಲ್ಲಿ ಮಾಡುವವರು. ಗುರುತಿಲ್ಲದವರು ಕೆರೆಯ ಹೂಳೆತ್ತಿ ಗುರುತಿಲ್ಲದವರಿಗೆ ನೀರು ಬಿಟ್ಟಂತೆ.

ಇಂಥ ತಂತ್ರಾಂಶವನ್ನು ಕುರಿತು ಇಂಗ್ಲಿಷಿನಲ್ಲಿ ಹೇಳುವ ಮಾತಿಗೆ ‘ಬಿಟ್ಟಿ’ ಎಂಬ ಅರ್ಥವೂ ಉಂಟು, ‘ಸ್ವತಂತ್ರ’ ಎಂಬ ಅರ್ಥವೂ ಉಂಟು. ಅದರಿಂದ ಅವರಿಗೆ ಸದಾ ಗೊಂದಲ. ನಮಗೆ ಆ ತೊಂದರೆಯಿಲ್ಲ; ಎರಡಕ್ಕೂ ಬೇರೆ ಬೇರೆ ಮಾತಿದೆ. ಬಿಟ್ಟಿಯದನ್ನು ಕೊಟ್ಟವನು ನಾಳೆ ಬೇಡವೆನ್ನಬಹುದು. ಸ್ವತಂತ್ರವಾದುದು ಹಾಗಲ್ಲ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ‘ಗ್ನೂ’ ಎಂಬ ಯೋಜನೆಯನ್ನು ಸಾರಿದಂದಿನಿಂದ ಬೆಳೆದು ಬಂದ ವಿಚಾರದಂತೆ, ಬಳಸುವವನಿಗೆ ನಾಲ್ಕು ಹಕ್ಕುಗಳಿರಬೇಕು: ಯಾವ ಉದ್ದೇಶಕ್ಕಾದರೂ ನಡೆಸುವುದು, ಒಳಗಿನ ರಚನೆಯನ್ನು ಓದಿ ಬದಲಿಸುವುದು, ಪ್ರತಿಮಾಡಿ ಇತರರಿಗೆ ಕೊಡುವುದು, ಬದಲಿಸಿದುದನ್ನೂ ಹಂಚುವುದು. ಗಿಂಪಿನ ಹೆಸರಿನ ಮೊದಲ ಅಕ್ಷರ ಈಗ ಆ ಗ್ನೂವನ್ನೇ ಸೂಚಿಸುತ್ತದೆ.

ಅಧ್ಯಾಪಕನಾದ ನನಗೆ ಇದರಲ್ಲಿ ಧರ್ಮದ ಮಾತೊಂದು ಕಾಣುತ್ತದೆ. ದುಬಾರಿ ತಂತ್ರಾಂಶದ ಕಳ್ಳಪ್ರತಿಯನ್ನು ತಂದು ಮಕ್ಕಳಿಗೆ ಚಿತ್ರಕಲೆ ಕಲಿಸುವುದು ಎಷ್ಟೋ ಕಡೆ ನಡೆದಿದೆ. ಅಕ್ಷರ ಕಲಿಸುವ ಕೈಯಲ್ಲೇ ಕಳವನ್ನೂ ಕಲಿಸಿದಂತಾಗುತ್ತದೆ. ಗಿಂಪನ್ನು ನನ್ನ ವಿದ್ಯಾರ್ಥಿ ತನ್ನ ಮನೆಗೂ ಒಯ್ಯಬಹುದು, ತನ್ನ ತಂಗಿಗೂ ಕೊಡಬಹುದು. ಅದಕ್ಕೆ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಹಿರಿಯರ ಮೂರಕ್ಷರ

ಯಂತ್ರದಲ್ಲಿ ಅಕ್ಷರ ಸರಿಯಾಗಿ ಬಂದಿತು, ಸರಿ. ಯಾವ ಅಕ್ಷರವನ್ನು ಬಳಸುವುದು? ಸ್ವತಂತ್ರವಾಗಿ ದೊರೆಯುವ ಕನ್ನಡ ಅಕ್ಷರಮಾಲೆಗಳು ಇಂದು ಹಲವಿವೆ. ನೋಟೋ ಇದೆ, ದುಂಡುದುಂಡಾದ ಬಲೂ ತಮ್ಮ ಇದೆ, ಗುಬ್ಬಿ ನವಿಲುಗಳಿವೆ. ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಗ್ರಂಥಗಳಿಗಾಗಿ ಮೊದಲು ರೂಪುಗೊಂಡು ಅನಂತರ ಎಲ್ಲರಿಗೂ ದೊರೆತ ಟೈರೋ ಕನ್ನಡವಿದೆ. ಒಳಪುಟಗಳಿಗೆ ಇವು ಸೊಗಸಾದುವು, ನಾವೂ ಬಳಸಿದ್ದೇವೆ. ಆದರೆ ತಲೆಪಟ್ಟಿಗೆ ಬೇರೆಲ್ಲೂ ಇಲ್ಲದ ಮುಖ ಬೇಕೆಂದು ಮಕ್ಕಳಿಗೆ ತೋರಿತು.

ನಮ್ಮ ಪೇಟೆಯ ಬೋರ್ಡುಗಳನ್ನೆಲ್ಲ ಒಂದು ಕಾಲಕ್ಕೆ ಬರೆದ ಹಿರಿಯರೊಬ್ಬರು ಇದ್ದಾರೆ. ಎಪ್ಪತ್ತು ದಾಟಿದವರು. ಅವರ ಬಳಿ ಹೋಗಿ ಕೇಳಿದಾಗ, ‘ಮೇಷ್ಟ್ರೇ, ಕಂಪ್ಯೂಟರಿಗೆ ನನ್ನ ಅಕ್ಷರ ಯಾಕೆ? ಅದರೊಳಗೇ ಸಾವಿರ ಇರ್ತವಲ್ಲ’ ಎಂದರು. ‘ಆ ಸಾವಿರದಲ್ಲಿ ನಿಮ್ದು ಇಲ್ವಲ್ಲ ತಾತ’ ಎಂದ ಒಬ್ಬ ಹುಡುಗ. ಅವರು ನಕ್ಕು ಒಳಗೆ ಹೋಗಿ ಕುಂಚ ತಂದರು. ಬಿಳಿಯ ರಟ್ಟಿನ ಮೇಲೆ ಸುಣ್ಣದ ನೀಲಿ ಹಚ್ಚಿದ ದಾರವನ್ನು ಬಿಗಿದು ಮಿಡಿದು ಗೆರೆಗಳನ್ನೆಬ್ಬಿಸಿದರು. ಎರಡು ಗೆರೆಗಳ ನಡುವೆ ಅಕ್ಷರದ ಮೈ. ಅದಕ್ಕೂ ಕೆಳಗೆ, ಹೆಚ್ಚುಕಡಮೆ ಅರ್ಧದಷ್ಟು ಜಾಗ ಬಿಟ್ಟು, ಮೂರನೆಯ ಗೆರೆ. ‘ಒತ್ತಿಗೆ ಜಾಗ ಬಿಡದೋನು ಬೋರ್ಡು ಬರೀಬಾರದು ಕಣಪ್ಪ’ ಎಂದರು. ಕೈ ಸ್ವಲ್ಪ ನಡುಗುತ್ತಿತ್ತು. ಕುಂಚ ರಟ್ಟನ್ನು ಮುಟ್ಟಿದಾಗ ನಡುಕ ನಿಂತಿತು. ಮೂರಕ್ಷರ ಬರೆದು, ಗಕಾರದ ಬಾಲವನ್ನು ಎಳೆದು ಬಿಟ್ಟಾಗ ಕುಂಚದ ಕೂದಲುಗಳು ತುದಿಯಲ್ಲಿ ಒಣಗೆರೆಗಳನ್ನು ಬಿಟ್ಟುವು.

ಆ ರಟ್ಟನ್ನು ಹಗಲಿನ ನೆರಳಿನಲ್ಲಿಟ್ಟು, ನೇರ ಮೇಲಿನಿಂದ ಫೋನಿನಲ್ಲಿ ಚಿತ್ರ ತೆಗೆದೆವು. ಬಿಸಿಲಿನಲ್ಲಿ ತೆಗೆದರೆ ಫೋನಿನ ನೆರಳೇ ಬೀಳುತ್ತದೆ. ಓರೆಯಾಗಿ ತೆಗೆದರೆ ಅಕ್ಷರ ಒಂದು ಕಡೆ ಕುಗ್ಗುತ್ತದೆ. ಗಿಂಪಿನಲ್ಲಿ ಅದನ್ನು ತೆರೆದಾಗ ಬಿಳಿ ರಟ್ಟು ಬೂದಿಬಣ್ಣವಾಗಿ ಕಾಣುತ್ತಿತ್ತು. ‘ಥ್ರೆಶೋಲ್ಡ್’ ಎಂಬ ವಿಧಾನವೊಂದಿದೆ. ಒಂದು ಮಿತಿಯನ್ನು ಗೊತ್ತುಮಾಡಿದರೆ ಅದಕ್ಕಿಂತ ಕಪ್ಪಾದುದೆಲ್ಲ ಪೂರ್ಣ ಕಪ್ಪು, ಬೆಳ್ಳಗಾದುದೆಲ್ಲ ಪೂರ್ಣ ಬಿಳುಪು ಆಗುತ್ತದೆ. ಮಕ್ಕಳು ಮೊದಲು ಅದನ್ನೇ ಪರೀಕ್ಷಿಸಿದರು. ರಟ್ಟೇನೋ ಬೆಳ್ಳಗಾಯಿತು, ಆದರೆ ಅಕ್ಷರದ ಅಂಚು ಮೆಟ್ಟಿಲುಮೆಟ್ಟಿಲಾಯಿತು, ಗಕಾರದ ತುದಿಯ ಒಣಗೆರೆಗಳು ಅಳಿಸಿಹೋದುವು. ಅದನ್ನು ಹಿಂದಕ್ಕೆ ತೆಗೆದು, ‘ಲೆವೆಲ್ಸ್’ ಎಂಬ ಇನ್ನೊಂದು ವಿಧಾನದಿಂದ ಕಪ್ಪಿನ ತುದಿಯನ್ನೂ ಬಿಳುಪಿನ ತುದಿಯನ್ನೂ ಮೆಲ್ಲನೆ ಒಳಕ್ಕೆ ಸರಿಸಿದಾಗ ರಟ್ಟು ಬೆಳ್ಳಗಾಗಿ, ನಡುವಣ ಬೂದುಗಳು ಉಳಿದುಕೊಂಡುವು. ಅಂಚು ನಯವಾಗಿ ಕಾಣುವುದು ಆ ಬೂದಿಬಣ್ಣದ ಬಿಂದುಗಳಿಂದಲೇ. ಇದನ್ನು ಹಿರಿಯರಿಗೆ ತೋರಿಸಿದೆವು. ಅವರು ಪರದೆಗೆ ಬೆರಳು ತಾಗಿಸಿ, ಬಾಲದ ಗೆರೆಗಳನ್ನು ಸವರಿ, ‘ಇದು ನನ್ನ ಕೈ ಕಣಪ್ಪ’ ಎಂದರು. ಹೆಚ್ಚು ಮಾತನಾಡಲಿಲ್ಲ.

ಪದರದ ಮೇಲೆ ಪದರ

ಇನ್ನುಳಿದುದು ಪಟ್ಟಿಯನ್ನು ಕಟ್ಟುವ ಕೆಲಸ. ಪರದೆಗಾಗಿ 1600 ಬಿಂದುಗಳ ಅಗಲ, 400 ಬಿಂದುಗಳ ಎತ್ತರದ ಹಾಳೆಯೊಂದನ್ನು ಗಿಂಪಿನಲ್ಲಿ ತೆರೆದೆವು. ಅಂದರೆ ಒಟ್ಟು 6 ಲಕ್ಷ 40 ಸಾವಿರ ಬಿಂದುಗಳು. ಒಂದೊಂದು ಬಿಂದುವಿನ ಬಣ್ಣವೂ ಕೆಂಪು, ಹಸುರು, ನೀಲಿಗಳ ಮಿಶ್ರಣ; ಒಂದೊಂದಕ್ಕೂ 0ಯಿಂದ 255ರ ವರೆಗೆ ಅಳತೆ. ಲೆಕ್ಕ ಹಾಕಿದರೆ 1 ಕೋಟಿ 67 ಲಕ್ಷ 77 ಸಾವಿರದ 216 ಬಣ್ಣಗಳಾಗುತ್ತವೆ. ಇಷ್ಟು ಬಣ್ಣಗಳನ್ನು ಕಂಡ ಮಕ್ಕಳು ಎಲ್ಲವನ್ನೂ ಬಳಸಲು ಹೊರಡುವುದು ಸಹಜ. ಎರಡೇ ಬಣ್ಣ ಸಾಕೆಂದು ಒಪ್ಪಿಸುವುದರಲ್ಲಿ ನನಗೆ ಒಂದು ಮಧ್ಯಾಹ್ನ ಹೋಯಿತು.

ಈ ವಿದ್ಯೆಯ ಜೀವಾಳವೆಂದರೆ ಪದರಗಳು. ಒಂದರ ಮೇಲೊಂದು ಗಾಜಿನ ಹಾಳೆಗಳನ್ನಿಟ್ಟಂತೆ. ತಳದಲ್ಲಿ ಹಿನ್ನೆಲೆಯ ಬಣ್ಣ. ಅದರ ಮೇಲೆ ಎಡಕ್ಕೆ ಮುತ್ತುಗದ ಹೂವಿನ ಚಿತ್ರ. ಎಲ್ಲಕ್ಕೂ ಮೇಲೆ ಹಿರಿಯರ ಮೂರಕ್ಷರ. ಒಂದನ್ನು ಸರಿಸಿದರೆ ಮತ್ತೊಂದು ಕದಲುವುದಿಲ್ಲ. ಅಕ್ಷರದ ಪದರದಲ್ಲಿ ಬಿಳಿಯ ರಟ್ಟನ್ನು ಮಾಯವಾಗಿಸಲು ಗಿಂಪಿನಲ್ಲಿ ಒಂದು ಸೊಗಸಾದ ವಿಧಾನವಿದೆ. ‘ಕಲರ್ ಟು ಆಲ್ಫಾ’ ಎಂದು ಅದರ ಹೆಸರು. ಬಿಳುಪನ್ನು ತೋರಿಸಿದರೆ, ಬಿಳುಪೆಲ್ಲ ಗಾಜಿನಂತಾಗುತ್ತದೆ. ಬೂದಿಬಣ್ಣದ ಅಂಚು ಅರೆಗಾಜಾಗುತ್ತದೆ. ಅಕ್ಷರ ಹಿನ್ನೆಲೆಯ ಮೇಲೆ ಅಂಟಿಸಿದಂತೆ ಕಾಣದೆ ಅಲ್ಲೇ ಬರೆದಂತೆ ಕಾಣುತ್ತದೆ. ಪರದೆಯ ಅಂಚಿನ ಅಳತೆಪಟ್ಟಿಯಿಂದ ಗೆರೆಗಳನ್ನು ಎಳೆದು ತರುವ ಸೌಕರ್ಯವೂ ಉಂಟು. ಮಕ್ಕಳು ತಾತನಂತೆಯೇ ಮೂರು ಗೆರೆಗಳನ್ನು ಎಳೆದುಕೊಂಡರು. ಇಂಗ್ಲಿಷಿನ ಅಕ್ಷರಕ್ಕೆಂದು ಹೊಂದಿಸಿದ ಪಟ್ಟಿಯಲ್ಲಿ ಕನ್ನಡದ ಹೆಸರನ್ನಿಟ್ಟರೆ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ‘ರಾಷ್ಟ್ರ’, ‘ಶಾಸ್ತ್ರ’ಗಳಂಥ ಎರಡೊತ್ತಿನ ಹೆಸರಾದರೆ ಕೇಳುವುದೇ ಬೇಡ.

ಬಣ್ಣದ ವಿಷಯದಲ್ಲಿ ಮಕ್ಕಳ ಒಲವು ಅರಿಸಿನ ಕುಂಕುಮದ ಕಡೆಗೆ. ಅರಿಸಿನದ ಅಕ್ಷರವನ್ನು ಬಿಳಿಯ ಮೇಲೆ ಬರೆಯೋಣವೆಂದರು ಕೆಲವರು. ಬಣ್ಣಗಳ ನಡುವಣ ಬೆಳಕಿನ ಅಂತರವನ್ನು ಅಳೆಯುವ ಲೆಕ್ಕವಿದೆ. ಪರದೆಯ ಮೇಲಿನ ಬರಹಕ್ಕೆ ಆ ಅಂತರ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಇರಬೇಕೆಂದು, ದೃಷ್ಟಿ ಮಂದವಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಅಚ್ಚ ಹಳದಿಗೂ ಬಿಳುಪಿಗೂ ಅಂತರ ಕೇವಲ 1.07. ಹಳದಿಯ ಮೇಲೆ ಅಚ್ಚ ಕೆಂಪನ್ನಿಟ್ಟರೆ ಸುಮಾರು 3.7. ಕೆಂಪನ್ನು ಗಾಢ ಕುಂಕುಮವರ್ಣಕ್ಕೆ ಇಳಿಸಿದರೆ 9ನ್ನು ಮೀರುತ್ತದೆ. ಸೌಂದರ್ಯದ ವಾದವನ್ನು ಅಂಕಗಣಿತ ತೀರ್ಮಾನಿಸಿದುದನ್ನು ಕಂಡು ಗಣಿತದ ಅಧ್ಯಾಪಕರು ಬಹಳ ಸಂತೋಷಪಟ್ಟರು.

ಹೂವಿನ ಚಿತ್ರವನ್ನು ಎಲ್ಲಿಂದ ತರುವುದೆಂಬುದೂ ಚರ್ಚೆಯಾಯಿತು. ಕಣ್ಣಿಗೆ ಬಿದ್ದ ಚಿತ್ರವನ್ನು ಎತ್ತಿಕೊಳ್ಳುವುದು ಈಗ ಬಹಳ ಸುಲಭ. ಅದಕ್ಕೂ ಒಬ್ಬ ಒಡೆಯನಿರುತ್ತಾನೆಂಬುದನ್ನು ಮರೆಯುವುದು ಇನ್ನೂ ಸುಲಭ. ವಿಕಿಮೀಡಿಯ ಕಾಮನ್ಸಿನಂಥ ಭಂಡಾರಗಳಲ್ಲಿ ಹಂಚಿಕೊಳ್ಳಲು ಒಪ್ಪಿಗೆಯಿರುವ ಚಿತ್ರಗಳಿವೆ. ಅವುಗಳಲ್ಲಿ ಹಲವಕ್ಕೆ ತೆಗೆದವರ ಹೆಸರನ್ನು ಹೇಳಬೇಕೆಂಬ ನಿಯಮವಿದೆ. ನಮಗೆ ಆ ತೊಂದರೆಯೂ ಇರಲಿಲ್ಲ. ಶಾಲೆಗೆ ನಡೆದು ಬರುವ ದಾರಿಯಲ್ಲಿ, ಎಲೆಯೆಲ್ಲ ಉದುರಿ ಕೆಂಡದಂಥ ಹೂ ಹೊತ್ತು ನಿಂತಿದ್ದ ಮರವನ್ನು ಎಂಟನೆಯ ತರಗತಿಯ ಹುಡುಗಿಯೊಬ್ಬಳು ಚಿತ್ರ ತೆಗೆದು ತಂದಳು.

ಕಡೆಗೆ, ಸಿದ್ಧವಾದ ಪಟ್ಟಿಯನ್ನು ಎರಡು ಬಗೆಯಲ್ಲಿ ಉಳಿಸಬೇಕು. ಪದರಗಳೆಲ್ಲ ಬೇರೆ ಬೇರೆಯಾಗಿಯೇ ಇರುವ ಎಕ್ಸ್‌ಸಿಎಫ್ ಮೂಲಕಡತ ಒಂದು. ಇತರರಿಗೆ ಕಳಿಸಲು ಪದರಗಳನ್ನು ಒಂದಾಗಿಸಿದ ಪ್ರತಿ ಇನ್ನೊಂದು. ಈ ಪ್ರತಿಗೆ ‘ಜೆಪೆಗ್’ ರೂಪ ಬಹಳ ಬಳಕೆಯಲ್ಲಿದೆ. ಛಾಯಾಚಿತ್ರಕ್ಕೆ ಅದು ಸೊಗಸು. ಆದರೆ ಕಡತವನ್ನು ಕಿರಿದುಮಾಡಲು ಸೂಕ್ಷ್ಮಗಳನ್ನು ಬಿಟ್ಟುಬಿಡುವುದರಿಂದ ಅಕ್ಷರದ ಅಂಚಿನಲ್ಲಿ ಕಲೆಗಳೇಳುತ್ತವೆ. ‘ಪಿಎನ್‌ಜಿ’ ರೂಪ ಏನನ್ನೂ ಬಿಡುವುದಿಲ್ಲ. ತಲೆಪಟ್ಟಿಗೆ ಅದೇ ತಕ್ಕುದು.

ಬಟ್ಟೆಯ ಮೇಲೆ

ಸಮಾರಂಭಕ್ಕೆ ಬಟ್ಟೆಯ ಪಟ್ಟಿಯೂ ಬೇಕಾಗಿತ್ತಷ್ಟೆ. 10 ಅಡಿ ಅಗಲ, 3 ಅಡಿ ಎತ್ತರದ ಬಟ್ಟೆಗೆ ಅಚ್ಚು ಹಾಕಿಸುವುದಾದರೆ, ಅಂಗುಲಕ್ಕೆ 72 ಬಿಂದುಗಳಂತೆ ಇಟ್ಟರೂ 8640ಕ್ಕೆ 2592 ಬಿಂದುಗಳಾಗುತ್ತವೆ. ಬಿಂದುವೊಂದಕ್ಕೆ ಮೂರು ಬೈಟುಗಳಂತೆ ಒಂದೇ ಪದರಕ್ಕೆ ಸುಮಾರು 6 ಕೋಟಿ 72 ಲಕ್ಷ ಬೈಟುಗಳು. ನಮ್ಮ ಹಳೆಯ ಯಂತ್ರಕ್ಕೆ ಏದುಸಿರು ಬಂದೀತು. ಅಚ್ಚಿನ ಖರ್ಚು ಬೇರೆ. ಮಕ್ಕಳು ಬೇರೊಂದು ದಾರಿ ಹುಡುಕಿದರು. ಪಾಠಕ್ಕೆಂದಿದ್ದ ಪ್ರೊಜೆಕ್ಟರಿನಿಂದ ಪರದೆಯ ಪಟ್ಟಿಯನ್ನೇ ಗೋಡೆಗೆ ಬಿಗಿದ ಕೋರಾಬಟ್ಟೆಯ ಮೇಲೆ ಬೀಳಿಸಿ, ಪೆನ್ಸಿಲಿನಿಂದ ಅಕ್ಷರದ ಅಂಚನ್ನು ಗುರುತಿಸಿ, ಬಣ್ಣ ತುಂಬಿದರು. ತಾತ ಕುರ್ಚಿಯ ಮೇಲೆ ಕುಳಿತು, ‘ಅಂಚಿಂದ ಒಳಕ್ಕೆ ಎಳಿ ಮಗಾ, ಒಳಗಿಂದ ಅಂಚಿಗಲ್ಲ’ ಎಂದು ಹೇಳಿಕೊಡುತ್ತಿದ್ದರು. ಕೈಯಿಂದ ಹೊರಟು ಯಂತ್ರದೊಳಗೆ ಹೋದ ಅಕ್ಷರ ಮರಳಿ ಹನ್ನೆರಡು ಎಳೆಯ ಕೈಗಳ ಮೂಲಕ ಬಟ್ಟೆಗಿಳಿಯಿತು.

ಯಂತ್ರ ಬಂದು ಕೈಬರಹವನ್ನು ಕೊಂದಿತೆಂದು ಕೊರಗುವ ಹಿರಿಯರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅವರು ಕಂಡ ನಷ್ಟ ನಿಜ. ಆದರೆ ಕೊಂದುದು ಯಂತ್ರವೆ, ಯಂತ್ರ ಕೊಟ್ಟುದನ್ನು ಪ್ರಶ್ನಿಸದೆ ಒಪ್ಪಿಕೊಂಡ ನಮ್ಮ ಮನಸ್ಸೆ? ಕಲ್ಲಚ್ಚಿನ ಕಲ್ಲೂ ಯಂತ್ರವೇ ಆಗಿತ್ತು. ಅದರ ಮುಂದೆ ಬರೆಯಬಲ್ಲವನೊಬ್ಬ ಕುಳಿತಿದ್ದ. ಆದುದರಿಂದ ಅದು ಅವನ ಕೈಯನ್ನು ಹೊತ್ತಿತು. ಇಂದಿನ ಗಣಕಯಂತ್ರದ ಮುಂದೆಯೂ ತನ್ನ ಭಾಷೆಯ ಅಕ್ಷರವನ್ನು ಬಲ್ಲವನು ಕುಳಿತುಕೊಳ್ಳಬೇಕು. ಅವನ ಕೈಯಲ್ಲಿರುವ ಉಪಕರಣ ಅವನದೇ ಆಗಿರಬೇಕು, ಬಾಡಿಗೆಯದಲ್ಲ, ಕದ್ದುದಲ್ಲ. ಗಿಂಪು ಸರ್ವಗುಣಸಂಪನ್ನವೆಂದು ನಾನು ಹೇಳಲಾರೆ. ಅದರ ಪಟ್ಟಿಗಳೊಳಗಿನ ಪಟ್ಟಿಗಳಲ್ಲಿ ಹೊಸಬರು ದಾರಿ ತಪ್ಪುತ್ತಾರೆ. ವೃತ್ತಿನಿರತರಿಗೆ ಬೇಕಾದ ಕೆಲವು ಅನುಕೂಲಗಳು ಅದರಲ್ಲಿ ತಡವಾಗಿ ಬಂದಿವೆ. ಆದರೆ ಬಡಶಾಲೆಯ ಮಗುವೊಂದು ಯಾರ ಅಪ್ಪಣೆಯನ್ನೂ ಬೇಡದೆ ತನ್ನ ಪತ್ರಿಕೆಯ ಹೆಸರನ್ನು ತಪ್ಪಿಲ್ಲದೆ ಬರೆಯುವಷ್ಟು ಸ್ವಾತಂತ್ರ್ಯವನ್ನು ಅದು ಕೊಡುತ್ತದೆ. ಶಾಲೆಗೆ ಅದಕ್ಕಿಂತ ಹೆಚ್ಚಿನದೇನು ಬೇಕು?

ಪದರಗಳಿರುವ ಆ ಮೂಲಕಡತವನ್ನು ಮಕ್ಕಳು ಶಾಲೆಯ ಯಂತ್ರದಲ್ಲಿ ಬಿಟ್ಟುಹೋಗಿದ್ದಾರೆ. ಅದರೊಡನೆ ಒಂದು ಸಣ್ಣ ಟಿಪ್ಪಣಿ: ಅಕ್ಷರ ಯಾರದು, ಹೂವಿನ ಚಿತ್ರ ಯಾರದು, ಯಾವ ಪದರದಲ್ಲಿ ಏನಿದೆ. ಮುಂದಿನ ವರ್ಷ ಬರುವವರು ಹಿನ್ನೆಲೆಯನ್ನು ಬದಲಿಸಬಹುದು, ಹೂವನ್ನು ಬದಲಿಸಬಹುದು, ಎಲೆ ಚಿಗುರಿದ ಮರವನ್ನಿಡಬಹುದು. ಮೇಲಿನ ಪದರವನ್ನು ಮಾತ್ರ ಮುಟ್ಟಬಾರದೆಂದು ಟಿಪ್ಪಣಿಯ ಕೊನೆಗೆ ಬರೆದಿದ್ದಾರೆ. ಅಲ್ಲಿ ಒತ್ತಿಗೆ ಬೇಕಾದಷ್ಟು ಜಾಗವಿದೆ.